ಖಾಲಿ ಒರಳು

ಕನ್ಯಿಂಬಿ
ಜೂನ್ 9

ನೆರೆ ಎಚ್ಚರಿಕೆ ಸಮಿತಿಯ ಕಾರ್ಯದರ್ಶಿ ಫಿಲೆಸಿಯವರಿಗೆ,

ಹೆಸರಿನ ಹಿಂದೆ ಇಷ್ಟುದ್ದದ ಬಾಲ ಇರುವವಳನ್ನು ಬರೀ ಫಿಲೆಸಿ ಎಂದು ಕರೆಯುವುದು ಹೇಗೆ? ಒಂದೇ ಬೆಂಚಿನಲ್ಲಿ ಕೂತು ಒಂದೇ ಮಾವಿನಹಣ್ಣನ್ನು ಕಚ್ಚಿ ತಿಂದವರು ನಾವು ಎಂದು ನಿನ್ನ ಕಚೇರಿಯಲ್ಲಿ ಹೇಳಬೇಡ. ಮರ್ಯಾದೆ ಹೋದೀತು.

ನಿನ್ನೆ ನಿಮ್ಮವರು ಬಂದು ಶಾಲೆಯ ಗೋಡೆಗೆ ಒಂದು ಚಿತ್ರ ಅಂಟಿಸಿ ಹೋದರು. ದೋಣಿಕಟ್ಟೆಯ ಸೈರನ್ ಕಂಬ, ಪಕ್ಕದಲ್ಲಿ ಅದರ ಹಿಡಿ ಹಿಡಿದು ನಗುತ್ತಿರುವ ನೀನು. ಕೆಳಗೆ ದಪ್ಪ ಅಕ್ಷರದಲ್ಲಿ, 'ಕನ್ಯಿಂಬಿಯಲ್ಲಿ ಎಲ್ಲರಿಗೂ ಕೇಳಿಸಿತು.' ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂದು ನನ್ನ ಕಿವಿ ಹೋದದ್ದು ಈ ಊರಿನ ನಾಯಿಗಳಿಗೂ ಗೊತ್ತು. ನಿನಗೆ ಮರೆತುಹೋಯಿತೇ?

ನನ್ನ ಮಗ ಯೋಹಾನೆ ಹೇಗೆ ಹೋದ ಎಂದು ನೀನು ಒಂದು ಸಲವೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನೆರೆ ಬಂದ ಆ ಮಧ್ಯಾಹ್ನ ನಾವಿಬ್ಬರೂ ನದಿ ಪಕ್ಕದ ಹೊಲದಲ್ಲಿ ಕುಂಬಳದ ಸೊಪ್ಪು ಕೊಯ್ಯುತ್ತಿದ್ದೆವು. ಇದ್ದಕ್ಕಿದ್ದಂತೆ ಅವನು ತಲೆ ಎತ್ತಿದ. ಮುಖ ಅರಳಿತು. ನನ್ನ ಕಡೆ ತಿರುಗಿ ಕಾಲು ಝಾಡಿಸಿ ತೋರಿಸಿದ. ನಮ್ಮಿಬ್ಬರ ಸನ್ನೆಯಲ್ಲಿ ಅದು ಚೆಂಡು. ಅದಕ್ಕೆ ಸ್ವಲ್ಪ ಮುಂಚೆ ಫುಟ್‌ಬಾಲ್ ಫೈನಲ್ಲಿಗೆ ನಿಮ್ಮ ಸೈರನ್ನನ್ನೇ ಊದಿಸಿದ್ದರಲ್ಲ, ಗೋಲು ಬಿದ್ದಾಗಲೆಲ್ಲ. ಆರು ವರ್ಷದ ಹುಡುಗನಿಗೆ ಸೈರನ್ ಎಂದರೆ ಆಟ. ನಾನು ನಕ್ಕು, ಹೋಗು ಎಂದು ಕೈ ಬೀಸಿದೆ. ಅವನು ಸದ್ದು ಬಂದ ಕಡೆಗೆ ಓಡಿದ. ಸದ್ದು ಎಲ್ಲಿಂದ ಬರುತ್ತಿತ್ತು ಫಿಲೆಸಿ? ದೋಣಿಕಟ್ಟೆಯಿಂದ, ನೀರಿನ ಅಂಚಿನಿಂದ. ಊರೆಲ್ಲ ಗುಡ್ಡದ ಕಡೆ ಓಡುವಾಗ ನನ್ನ ಮಗ ನದಿಯ ಕಡೆ ಓಡಿದ.

ನನ್ನ ಮೈದುನ ಲಾಫುಕೆನಿ ಹೊಲದ ಬದಿಯಲ್ಲೇ ಓಡಿಹೋದನಂತೆ. ಆಮೇಲೆ ನನ್ನೆದುರು ಕೂತು, ತುಟಿ ನಿಧಾನ ಆಡಿಸಿ ಹೇಳಿದ, "ಕೂಗ್ದೆ ಅತ್ತಿಗೆ, ನೀನೇ ತಿರುಗಿ ನೋಡ್ಲಿಲ್ಲ." ಕೂಗಿದನಂತೆ, ನನ್ನನ್ನು.

ಆ ಚಿತ್ರ ತೆಗೆಸು. ಆ ಕಂಬವನ್ನು ನೀರಿನ ಬಾಯಿಂದ ಕಿತ್ತು ಬೇರೆಲ್ಲಾದರೂ ನೆಡಿಸು. ಮುಂದಿನ ಮಳೆ ಹಿಡಿಯುವ ಮೊದಲು, ಕಿವಿ ಇಲ್ಲದವರಿಗೆ ಏನು ಮಾಡುತ್ತೀರಿ ಎಂದು ಬರೆ.

ಒಂದು ಕಾಲದಲ್ಲಿ ನಿನ್ನ ಗೆಳತಿಯಾಗಿದ್ದ
ಎನಿಫಾ


ಬೋಮಾ
ಜುಲೈ 2

ಎನಿಫಾ,

ಬಸ್ಸಿನ ಕಂಡಕ್ಟರ್ ನಿನ್ನ ಪತ್ರವನ್ನು ಕಚೇರಿಯಲ್ಲಿ ಎಲ್ಲರೆದುರು ತಂದುಕೊಟ್ಟ. ಹೊಟ್ಟೆಯ ಸಂಕಟದಲ್ಲಿ ಬರೆದಿದ್ದೀ ಎಂದುಕೊಂಡು ಓದಿದೆ. ಎರಡನೇ ಸಲ ಓದಿದಾಗ ಸಂಕಟಕ್ಕಿಂತ ವಿಷವೇ ಹೆಚ್ಚು ಕಂಡಿತು.

ಸೈರನ್ನನ್ನು ಆಟಕ್ಕೆ ಕೊಟ್ಟವರು ನಿಮ್ಮೂರಿನ ಮುಖ್ಯಸ್ಥ ಚಿಮೊಂಬೊ. ನಾನಲ್ಲ. ಆ ದಿನ ನಾನು ಇಲ್ಲಿ ರೇಡಿಯೊ ಮುಂದೆ ಕೂತಿದ್ದೆ. ಮೇಲಿನ ಸೇತುವೆಯ ಹತ್ತಿರ ಶಿರೆ ನದಿ ಏರಿದ ಸುದ್ದಿ ಬಂದ ಕೂಡಲೇ ನಿಮ್ಮೂರಿಗೆ ಹೇಳಿದೆ, ಕಾವಲುಗಾರ ತಡಮಾಡದೆ ಹಿಡಿ ತಿರುಗಿಸಿದ. ಊರಿಗೆ ಊರೇ ಉಳಿಯಿತು. ಉಳಿದವರ ಮಾತು ಯಾರೂ ಎತ್ತುವುದಿಲ್ಲ. ಹೋದ ಒಬ್ಬನನ್ನು ಮಾತ್ರ ನನ್ನ ಕೊರಳಿಗೆ ಕಟ್ಟುತ್ತೀರಿ.

ಕಂಬವನ್ನು ಎಂಜಿನಿಯರುಗಳು ಗಾಳಿ ನೋಡಿ ನಿಲ್ಲಿಸಿದ್ದಾರೆ. ನೀನು ಹೇಳಿದೆ ಎಂದು ಕಿತ್ತು ನೆಡಲು ಅದು ಮರಗೆಣಸಿನ ಕಡ್ಡಿಯಲ್ಲ. ಕಿವಿ ಕೇಳದವರಿಗಾಗಿ ಪ್ರತಿ ಮನೆಯ ಯಜಮಾನನ ಫೋನಿಗೂ ಬರಹದ ಸಂದೇಶ ಹೋಗುತ್ತದೆ. ನಿನ್ನ ಮನೆಗೆ ಲಾಫುಕೆನಿಯ ಹೆಸರಿದೆ. ಏನೂ ಮಾಡಿಲ್ಲ ಎಂದು ಊರೆಲ್ಲ ಸಾರಬೇಡ.

ಮೇಷ್ಟ್ರು ಹೇಳಿದ್ದನ್ನೆಲ್ಲ ವರ್ಷಗಟ್ಟಲೆ ನಿನ್ನ ಸ್ಲೇಟಿಗೆ ಬರೆದುಕೊಟ್ಟವಳು ನಾನು. ನಾನು ಬರೆದದ್ದನ್ನು ನೋಡಿ ನೋಡಿ ಅಕ್ಷರ ಕಲಿತವಳು ಈಗ ಅದೇ ಅಕ್ಷರದಲ್ಲಿ ನನ್ನನ್ನು ಬೈಯುತ್ತೀ.

ಅಮ್ಮನಿಗೆ ಸಕ್ಕರೆ, ಸೋಪು ಕಳಿಸಿದ್ದೇನೆ. ಪಕ್ಕದ ಮನೆಯವಳು ನೀನು, ತಲುಪಿತೇ ಎಂದಾದರೂ ಬರೆ.

ಫಿಲೆಸಿ


ಕನ್ಯಿಂಬಿ
ಆಗಸ್ಟ್ 11

ಫಿಲೆಸಿ,

ಸಕ್ಕರೆ ತಲುಪಿತು. ಸೋಪನ್ನು ಇಲಿ ತಿಂದಿತು.

ನನ್ನ ಗಂಡ ಸತ್ತ ಮೇಲೆ ನಾನು ಲಾಫುಕೆನಿಯ ಮನೆಯ ಲೆಕ್ಕಕ್ಕೆ ಸೇರಿದೆ ಎಂದು ನಿಮಗೆ ಯಾರು ಹೇಳಿದರು? ಅವನ ಫೋನು ಮೀನಿನ ಸಂತೆಗೆ ಅವನ ಜೊತೆ ಹೋಗುತ್ತದೆ, ಹೆಂಡದ ಅಂಗಡಿಗೂ ಹೋಗುತ್ತದೆ, ನನ್ನ ಗುಡಿಸಲಿಗೆ ಮಾತ್ರ ಬಂದಿಲ್ಲ. ಮೊನ್ನೆ ಕೇಳಿದೆ. "ಮೆಸೇಜಾ? ಅದೆಲ್ಲ ಆಗಾಗ ಅಳಿಸಿಬಿಡ್ತೀನಿ, ಕಾಮೆಂಟ್ರಿ ಕೇಳೋವಾಗ ಕಿರಿಕಿರಿ" ಎಂದ. ನಿಮ್ಮ ಎಚ್ಚರಿಕೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು. ನಿನ್ನ ಅಮ್ಮ ನಾಫಿರಿಗೂ ಕಿವಿ ಹೋಗುತ್ತಿದೆ. ನೀನು ಬಂದಾಗ ಅವಳು ಎಲ್ಲದಕ್ಕೂ ತಲೆ ಆಡಿಸಿ ನಗುತ್ತಾಳಲ್ಲ, ಆ ನಗು ನನಗೆ ಗೊತ್ತು. ಜ್ವರ ಬಿಟ್ಟ ಮೇಲೆ ನಾನೂ ಹಾಗೆಯೇ ತಲೆ ಆಡಿಸಿಕೊಂಡು ತಿರುಗಿದ್ದೆ, ಯಾರಿಗೂ ಗೊತ್ತಾಗಬಾರದು ಎಂದು. ನನ್ನೆದುರು ಮಾತ್ರ ಒಪ್ಪಿಕೊಂಡಳು. "ನನ್ ಮಗಳಿಗೆ ಹೇಳ್ಬೇಡ ಕಣೆ, ಬೋಮಾಕ್ಕೆ ಎಳ್ಕೊಂಡು ಹೋಗಿ ಸಿಮೆಂಟ್ ನೆಲದ ಮೇಲೆ ಕೂರಿಸ್ಬಿಡ್ತಾಳೆ." ಹೇಳಬೇಡ ಎಂದಿದ್ದಳು, ಹೇಳಿದ್ದೇನೆ. ಅವಳಿಗೆ ಸೊಂಟವೂ ಗಟ್ಟಿಯಿಲ್ಲ. ನಿನ್ನ ಸೈರನ್ ಊದಿದ ದಿನ ಅವಳು ಮಗ್ಗುಲು ಬದಲಿಸಿ ಮಲಗುತ್ತಾಳೆ.

ಈಗ ನಾನು ಕೇಳುವುದು ಇಷ್ಟೇ. ನಾಫಿರಿ ಬೆಳಿಗ್ಗೆ ಒನಕೆ ಎತ್ತಿದರೆ ನನಗೆ ಚಾಪೆಯ ಮೇಲೆ ಮಲಗಿದ್ದಲ್ಲೇ ತಿಳಿಯುತ್ತದೆ. ನೆಲದಿಂದ ಬೆನ್ನಿಗೆ ಬರುತ್ತದೆ. ಯಾರು ಕುಟ್ಟುತ್ತಿದ್ದಾರೆ, ಒರಳಿನಲ್ಲಿ ಕಾಳು ಎಷ್ಟಿದೆ ಎಂದೂ ಹೇಳಬಲ್ಲೆ. ಖಾಲಿ ಒರಳನ್ನು ನಮ್ಮಲ್ಲಿ ಯಾರೂ ಕುಟ್ಟುವುದಿಲ್ಲ, ಮನೆಗೆ ಹಸಿವು ಬರುತ್ತದೆ ಎಂಬ ಹೆದರಿಕೆ. ಅದಕ್ಕೇ ಅದೇ ಬೇಕು. ಖಾಲಿ ಒರಳಿನ ಏಟು ನೇರ ಮೂಳೆಗೆ ಬಡಿಯುತ್ತದೆ. ಕಿವಿ ಇದ್ದವರಿಗೂ ಎದೆ ಝಲ್ಲೆನ್ನುತ್ತದೆ. ನೀರು ಬರುವ ದಿನ ಒಬ್ಬಳು ಕುಟ್ಟಲಿ, ಪಕ್ಕದ ಮನೆಯವಳು ಅದನ್ನು ಹಿಡಿದು ತನ್ನ ಒರಳು ಕುಟ್ಟಲಿ, ಹೀಗೆ ಊರ ಕೊನೆಯವರೆಗೆ ಹೋಗಲಿ. ಫುಟ್‌ಬಾಲಿಗೆ ಒರಳನ್ನು ಎರವಲು ಕೇಳಲು ಯಾರೂ ಬರುವುದಿಲ್ಲ. ಯಾವ ಮಗುವೂ ಅದನ್ನು ಆಟ ಎಂದುಕೊಳ್ಳುವುದಿಲ್ಲ.

ಸಂದೇಶ ಬರುವ ಫೋನು ಹೆಂಗಸರ ಕೈಗೆ ಬರಬೇಕು. ಇದನ್ನು ನಿನ್ನ ಸಭೆಯಲ್ಲಿ ಓದು. ಧೈರ್ಯವಿದ್ದರೆ.

ಎನಿಫಾ


ಬೋಮಾ
ಸೆಪ್ಟೆಂಬರ್ 20

ಎನಿಫಾ,

ಓದಿದೆ. ಒಂದಕ್ಷರ ಬಿಡದೆ ಓದಿದೆ. ಗಂಡಸರೆಲ್ಲ ನಕ್ಕರು. ಒಬ್ಬ ಮೇಜನ್ನೇ ಕುಟ್ಟಿ ತೋರಿಸಿದ. ಈಗ ನಾನು ಕಚೇರಿಯ ಮೆಟ್ಟಿಲು ಹತ್ತಿದರೆ "ಒರಳಮ್ಮ ಬಂದ್ಲು, ಎದ್ದೇಳ್ರಪ್ಪ, ನೀರು ಬಂತು" ಎನ್ನುತ್ತಾರೆ. ಈ ಖುರ್ಚಿಯಲ್ಲಿ ಕೂರಲು ನಾನು ಪಟ್ಟ ಪಾಡು ನಿನಗೆ ಗೊತ್ತಿಲ್ಲ. ನೀನು ಒಂದೇ ಕಾಗದದಲ್ಲಿ ಅದನ್ನು ಮಣ್ಣುಪಾಲು ಮಾಡಿದೆ. ಖುಷಿಯಾಯಿತೇ?

ರಾಜಧಾನಿಯಿಂದ ಬಂದಿದ್ದ ಹೆಂಗಸೊಬ್ಬಳು ಮಾತ್ರ ನಗಲಿಲ್ಲ, ಊರಿನವರು ಒಪ್ಪಿದರೆ ಮಾಡಿ ನೋಡಿ ಎಂದಳು. ಹಾಗಾಗಿ ಮಾಡಿ ನೋಡಿ. ಚಿಮೊಂಬೊ ಒಪ್ಪಬೇಕು. ಅವರು ಆಗಲೇ ಒಂದು ಪ್ರಶ್ನೆ ಹೇಳಿಕಳಿಸಿದ್ದಾರೆ: ಊರಲ್ಲಿ ಸಾವಾಗಿದ್ದರೆ ಏನು ಮಾಡುತ್ತೀರಿ? ಹೆಣ ಮಣ್ಣಾಗುವವರೆಗೆ ಒರಳು ಬೋರಲು ಹಾಕುವ ಊರು ನಮ್ಮದು ಎಂಬುದು ನಿನ್ನ ಬುದ್ಧಿವಂತ ತಲೆಗೆ ಹೊಳೆಯಲಿಲ್ಲವೇ?

ನನ್ನ ಅಮ್ಮನಿಗೆ ಕಿವಿ ಚೆನ್ನಾಗಿಯೇ ಇದೆ. ನಿನ್ನ ಸಂಕಟಕ್ಕೆ ಜೊತೆ ಬೇಕೆಂದು ಅವಳನ್ನೂ ಕಿವುಡಿ ಮಾಡಬೇಡ.

ಫಿಲೆಸಿ


ಕನ್ಯಿಂಬಿ
ಅಕ್ಟೋಬರ್ 30

ಒರಳಮ್ಮನಿಗೆ,

ಈ ಹೆಸರು ನಿನಗೆ ಚೆನ್ನಾಗಿ ಒಪ್ಪುತ್ತದೆ, ಬಿಡಬೇಡ.

ಮಾಡಿ ನೋಡಿದೆವು. ನಾನು ಹೊರಗೆ ಕುಟ್ಟಿದೆ. ಸಾಲಿನ ಕೊನೆಯ ಮನೆಯ ಕುರುಡಿ ಮಲಿತಾ ಎಲ್ಲರಿಗಿಂತ ಮೊದಲು ಎದ್ದು ನಿಂತಳಂತೆ. ನಿನ್ನ ಅಮ್ಮ ಚಾಪೆಯಿಂದ ಎದ್ದು ಕೂತು, "ಯಾರವ್ವ ಅದು, ನನ್ ಬೆನ್ನಿಗೆ ಗುದ್ದಿದೋಳು" ಎಂದು ಬೈದಳು. ಮೂರು ಮನೆಯಾಚೆ ಸೈರನ್ ಊದಿದರೂ ಏಳದವಳು.

ಆಮೇಲೆ ಮುಖ್ಯಸ್ಥರ ಅಂಗಳದಲ್ಲಿ ಪಂಚಾಯಿತಿ. ಚಿಮೊಂಬೊ ತುಟಿ ನನಗೆ ಸರಿಯಾಗಿ ಕಾಣಲೆಂದು ಹೊಗೆಸೊಪ್ಪು ಉಗಿದು ಬಂದರು, ಅಷ್ಟು ಮರ್ಯಾದೆ ಕೊಟ್ಟರು. "ಉಳಿದ ದಿನ ಕುಟ್ಕೊಳ್ಳಿ. ಹೆಣ ಇರೋವಾಗ ಮಾತ್ರ ಬೇಡ. ಸತ್ತೋರ ತಲೆ ಮೇಲೆ ಕುಟ್ಟಿದ ಹಾಗೆ ಅದು."

"ನೀರು ಹೆಣ ನೋಡಿ ಬರಲ್ಲ" ಎಂದೆ.

ಆಗ ನಿನ್ನ ಅಮ್ಮ ಎಲ್ಲರೆದುರು ಹೇಳಿದಳು: "ನಾನ್ ಸತ್ರೆ ಕುಟ್ರೇ ಹುಡ್ಗೀರಾ. ನಂಗ್ ಹೇಗೂ ಕೇಳ್ಸಲ್ಲ." ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಚಿಮೊಂಬೊ ನಗಲಿಲ್ಲ. "ಸಾಯೋರ ಮಾತು ನಡಿಯಲ್ಲಮ್ಮ. ಸಾವಿನ ಒಡೆಯರು ಯಾರೋ ಅವರ ಬಾಯಿಂದ ಬರ್ಬೇಕು. ಅವರು ಬಿಟ್ರೆ ಬಿಟ್ಟ ಹಾಗೆ" ಎಂದರು.

ಅಂದಿನಿಂದ ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ. ಮುದುಕರಿರುವ ಮನೆಗಳಲ್ಲಿ ಬಾಗಿಲು ಹಾಕಿಕೊಂಡರೂ ಕೊನೆಗೆ ಒಪ್ಪಿದರು. ಉಳಿದದ್ದು ನಾಫಿರಿಯ ಮನೆ. ಅವಳಿಗೆ ಅಣ್ಣತಮ್ಮಂದಿರಿಲ್ಲ, ಒಬ್ಬಳೇ ಮಗಳು. ಅವಳ ಸಾವಿನ ಒಡತಿ ನೀನು. ಒಂದು ಸಾಲು ಬರೆದು ಕಳಿಸು, ಸಾಕು.

ಎನಿಫಾ


ಬೋಮಾ
ಡಿಸೆಂಬರ್ 5

ಎನಿಫಾ,

ಬದುಕಿರುವ ತಾಯಿಯ ಸಾವಿಗೆ ಅಪ್ಪಣೆ ಬರೆದುಕೊಡು ಎಂದು ಕೇಳಲು ನಿನಗೆ ನಾಲಿಗೆ ಹೇಗೆ ಬಂತು? ಬರೆಯುವುದಿಲ್ಲ. ಇದನ್ನು ಇನ್ನೊಂದು ಸಲ ಕೇಳಿದರೆ ನಿನ್ನ ಪತ್ರ ಒಡೆಯದೆ ಒಲೆಗೆ ಹಾಕುತ್ತೇನೆ.

ಕಂಡಕ್ಟರ್ ಕೈಲಿ ಒಂದು ಫೋನು ಕಳಿಸಿದ್ದೇನೆ. ಇದು ನಿನಗೆ ಕೊಟ್ಟದ್ದಲ್ಲ, ಹೆಂಗಸರ ಗುಂಪಿಗೆ ಕೊಟ್ಟದ್ದು. ಸಂದೇಶ ಬಂದರೆ ನಡುಗುತ್ತದೆ, ಮೈಗೆ ತಾಗಿಸಿ ಇಟ್ಟುಕೊಳ್ಳಿ. ಲಾಫುಕೆನಿಗೆ ಮುಟ್ಟಲು ಕೊಡಬೇಡಿ.

ಶಾಲೆಯ ಗೋಡೆಯ ಚಿತ್ರ ತೆಗೆಯಲು ಹೇಳಿದ್ದೇನೆ. ಮಳೆಗೆ ಬಣ್ಣ ಬಿಡುತ್ತದೆ ಎಂದು.

ಫಿಲೆಸಿ


ಕನ್ಯಿಂಬಿ
ಜನವರಿ 18

ಫಿಲೆಸಿ,

ನಿನ್ನ ಅಮ್ಮನಿಗೆ ಕೆಮ್ಮು ಎದೆಗೆ ಇಳಿದಿದೆ. ನ್ಸಿಮಾ ಮುದ್ದೆಯನ್ನು ಕೈಯಲ್ಲಿ ಹಿಡಿದು ಹಾಗೆಯೇ ತಟ್ಟೆಗೆ ಇಡುತ್ತಾಳೆ. ಒಣಮೀನಿನ ಸಾರು ಮಾಡಿಕೊಟ್ಟೆ, ಅದನ್ನೂ ಮುಟ್ಟಲಿಲ್ಲ. ಬಾಯಿ ತೆರೆದರೆ ನಿನ್ನ ಹೆಸರು. ರಸ್ತೆ ಇನ್ನೂ ತೆರೆದಿದೆ. ಬಂದು ಹೋಗು.

ಇದರಲ್ಲಿ ಜಗಳವಿಲ್ಲ.

ಎನಿಫಾ


ಬೋಮಾ
ಜನವರಿ 29

ಎನಿಫಾ,

ಬರೆದುಕೊಡಲಿಲ್ಲ ಎಂದು ಈಗ ಅಮ್ಮನ ಕೆಮ್ಮನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದೀ. ಮಳೆಗಾಲದಲ್ಲಿ ಕೆಮ್ಮು ಯಾರಿಗೆ ಬರುವುದಿಲ್ಲ? ಮೇಲೆ ನದಿ ದಿನದಿನಕ್ಕೂ ಏರುತ್ತಿದೆ. ಈಗ ನಾನು ರೇಡಿಯೊ ಬಿಟ್ಟು ಎದ್ದರೆ ನಾಳೆ ನೀನೇ ಇನ್ನೊಂದು ಪತ್ರ ಬರೆಯುತ್ತೀ, ಕಾರ್ಯದರ್ಶಿ ಎಲ್ಲಿಗೆ ಹೋಗಿದ್ದಳು ಎಂದು.

ಮಾತ್ರೆ ಕಳಿಸಿದ್ದೇನೆ. ಊಟವಾದ ಮೇಲೆ ಕೊಡು. ನೀರು ಇಳಿದ ಕೂಡಲೇ ಬರುತ್ತೇನೆಂದು ಅಮ್ಮನಿಗೆ ಹೇಳು. ಕಿವಿಯ ಹತ್ತಿರ ಹೇಳು.

ಫಿಲೆಸಿ


ಗುಡ್ಡದ ಮೇಲಿನ ಶಿಬಿರ
ಫೆಬ್ರವರಿ 24

ಫಿಲೆಸಿ,

ಕಂಡಕ್ಟರ್ ಬಾಯಿಂದ ನಿನಗೆ ಅರ್ಧ ತಿಳಿದಿರುತ್ತದೆ. ಉಳಿದರ್ಧ ನನ್ನಿಂದ ತಿಳಿಯಲಿ.

ನಿನ್ನ ಅಮ್ಮ ಬೆಳಿಗ್ಗೆ ಹೋದಳು. ನನ್ನ ಕೈ ಹಿಡಿದಿದ್ದಳು, ನನ್ನನ್ನು ನೀನು ಎಂದುಕೊಂಡಿದ್ದಳು. ನಾನು ಅಲ್ಲ ಎನ್ನಲಿಲ್ಲ. ಹೆಂಗಸರು ಬಂದು ಅವಳನ್ನು ತೊಳೆದು, ನೀನು ಕಳಿಸಿದ ನೀಲಿ ಬಟ್ಟೆ ಸುತ್ತಿ ಮಲಗಿಸಿದರು. ಊರಿನ ಒರಳುಗಳೆಲ್ಲ ಬೋರಲಾದವು. ಮಗಳು ಬರುವವರೆಗೆ ಮಣ್ಣು ಮಾಡುವುದು ಬೇಡ ಎಂದು ಚಿಮೊಂಬೊ ಹೇಳಿದರು.

ನಿನಗೆ ತಿಳಿಸಬೇಕೆಂದು ಫೋನು ಹೊರಗೆ ತೆಗೆದೆ. ಏನೆಂದು ಬರೆಯುವುದು ಎಂದು ಯೋಚಿಸುತ್ತ ಕೂತಿದ್ದಾಗಲೇ ಅದು ಕೈಯಲ್ಲಿ ನಡುಗಿತು. 'ಸೇತುವೆ ಮುಳುಗಿತು. ನೀರು ನಿಮ್ಮ ಕಡೆ ಹೊರಟಿದೆ. ಕುಟ್ಟಿ. ಫಿಲೆಸಿ.' ಅಷ್ಟೇ. ನಿನ್ನ ಅಮ್ಮ ನನ್ನ ಎದುರಿಗೆ ಮಲಗಿದ್ದಳು, ನಿನಗೆ ಗೊತ್ತಿರಲಿಲ್ಲ.

ಚಿಮೊಂಬೊ ಅವರಿಗೆ ತೋರಿಸಿದೆ. "ಸೈರನ್ ತಿರುಗ್ಸಿ" ಎಂದರು. ತಿರುಗಿಸಿದರು. ಸಾವಿನ ಮನೆಗೆ ಬಂದಿದ್ದ ಗಂಡಸರು ಎದ್ದು ನಿಂತರು, ಆದರೆ ಊರ ಕೆಳಗಿನ ಸಾಲು ಅಲ್ಲಾಡಲಿಲ್ಲ. ಅಲ್ಲಿ ಮಲಿತಾ ಇದ್ದಳು, ಬಾಣಂತಿಯರಿದ್ದರು, ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ನಿನ್ನನ್ನು ಕೇಳಬಹುದಿತ್ತು. ಕೇಳಿದ್ದರೆ ನೀನು ಬೇಡ ಎನ್ನಬಹುದಿತ್ತು. ಬೇಡ ಎಂದಿದ್ದರೂ ಕುಟ್ಟುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ನಿನ್ನ ಅಮ್ಮನ ಒರಳನ್ನೇ ಎತ್ತಿ ನಿಲ್ಲಿಸಿದೆ, ಅವಳ ಬಾಗಿಲಲ್ಲೇ. ಮೊದಲ ಏಟಿಗೆ ಒಳಗೆ ಅಳುತ್ತಿದ್ದವರೆಲ್ಲ ಹೊರಗೆ ಬಂದರು. ಏನೇನು ಬೈದರೋ, ನಾನು ತಲೆ ಎತ್ತಲಿಲ್ಲ, ಹಾಗಾಗಿ ನನಗೆ ಗೊತ್ತಿಲ್ಲ. ಲಾಫುಕೆನಿ ಬೆನ್ನಿಗೆ ಹೊಡೆದ. ಒನಕೆ ಕಿತ್ತುಕೊಂಡ. ಅಷ್ಟರಲ್ಲಿ ನನ್ನ ಅಂಗಾಲಿಗೆ ಇನ್ನೊಂದು ಒರಳು ಬಂತು. ಕೆಳಗಿನ ಸಾಲಿನದು, ಖಾಲಿ. ಕುರುಡಿ ಮಲಿತಾ ನನ್ನ ಏಟನ್ನು ಹಿಡಿದಿದ್ದಳು. ಆಮೇಲೆ ಮತ್ತೊಂದು. ಆಮೇಲೆ ನೆಲವೆಲ್ಲ ಅದೇ.

ಎಲ್ಲರೂ ಗುಡ್ಡ ಹತ್ತಿದರು, ಮಲಿತಾ ಬಾಣಂತಿಯೊಬ್ಬಳ ಹೆಗಲು ಹಿಡಿದು ಹತ್ತಿದಳು. ನಿನ್ನ ಅಮ್ಮನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ತಲೆಯ ಕಡೆ ಹಿಡಿದವನು ಲಾಫುಕೆನಿ. ಅವಳ ಮನೆ ಈಗ ನೀರಿನ ಕೆಳಗಿದೆ. ಗುಡ್ಡದ ಇಳಿಜಾರಿನಲ್ಲಿ ಮಣ್ಣು ಮಾಡಿದರು, ನಿನ್ನ ಅಪ್ಪನ ಪಕ್ಕ ಆಗಲಿಲ್ಲ. ಮಗಳು ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಯಾರೂ ಹಾಕಲಿಲ್ಲ. ನನ್ನನ್ನು ಹತ್ತಿರ ಬಿಡಲಿಲ್ಲ.

ಊರಿನವರೆಲ್ಲ ಬದುಕಿದ್ದಾರೆ, ಯಾರೂ ನನ್ನೊಡನೆ ಮಾತಾಡುವುದಿಲ್ಲ. ಕಿವುಡಿಯನ್ನು ಬೈದು ಪ್ರಯೋಜನವಿಲ್ಲವೆಂದು ಮುಖ ತಿರುಗಿಸುತ್ತಾರೆ, ತುಟಿ ಕಾಣದ ಹಾಗೆ. ಹೆಣದ ತಲೆಯ ಮೇಲೆ ಕುಟ್ಟಿದವಳನ್ನು ಊರಲ್ಲಿ ಇಟ್ಟುಕೊಳ್ಳಬೇಕೇ, ಅಟ್ಟಬೇಕೇ ಎಂದು ಸಾವಿನ ಒಡತಿ ಹೇಳಲಿ ಎಂದು ಚಿಮೊಂಬೊ ಕಾಯುತ್ತಿದ್ದಾರೆ. ಹೊಸ ಗುಡಿಸಲಿಗೆ ಜಾಗ ಅಳೆಯುವಾಗ ನನ್ನನ್ನು ಬಿಟ್ಟು ಅಳೆದಿದ್ದಾರೆ. ನಾನು ಬೇಡಿಕೊಳ್ಳುವುದಿಲ್ಲ. ನಿನಗೆ ತೋಚಿದ್ದನ್ನು ಬರೆ. ನನಗೆ ಬೇಡ, ಅವರಿಗೆ ಬರೆ.

ಎನಿಫಾ


ಬೋಮಾ
ಮಾರ್ಚ್ 15

ಎನಿಫಾ,

ಚಿಮೊಂಬೊ ಅವರಿಗೆ ಬರೆದದ್ದನ್ನು ನಿನಗೂ ತಿಳಿಸುತ್ತಿದ್ದೇನೆ, ಆಮೇಲೆ ಯಾರೂ ತಿರುಚಬಾರದೆಂದು.

'ಮುಖ್ಯಸ್ಥರೇ, ಆ ದಿನ ಕುಟ್ಟಿ ಎಂದವಳು ನಾನು. ಸಂದೇಶದ ಕೊನೆಯಲ್ಲಿ ನನ್ನ ಹೆಸರಿದೆ. ಸಾವಿನ ಒಡತಿಯ ಮಾತು ಬೇಕು ಎಂದಿರಿ, ಆ ಮಾತು ಒನಕೆಗಿಂತ ಮೊದಲೇ ಬಂದಿತ್ತು. ತಪ್ಪು ಎಂದಾದರೆ ನನ್ನದು. ತಪ್ಪುಕಾಣಿಕೆಯ ಕೋಳಿ ಹಿಡಿದುಕೊಂಡು ನಾನೇ ಬಂದು ನಿಮ್ಮ ಅಂಗಳದಲ್ಲಿ ಮಂಡಿಯೂರುತ್ತೇನೆ. ಎನಿಫಾಳಿಗೆ ನನ್ನ ಅಮ್ಮನ ಪಾಲಿನ ಜಾಗವನ್ನು ಅಳೆದುಕೊಡಿ. ಇನ್ನು ಮುಂದೆ ನಮ್ಮ ಮನೆಯಲ್ಲಿ ಯಾರು ಸತ್ತು ಮಲಗಿದ್ದರೂ, ನಾನೇ ಮಲಗಿದ್ದರೂ, ನೀರು ಬಂದರೆ ಕುಟ್ಟಲಿ.'

ಇದು ಅವರಿಗೆ. ಇನ್ನು ನಿನಗೆ.

ನಾನು ನಿನ್ನನ್ನು ಕ್ಷಮಿಸಿಲ್ಲ. ನನ್ನ ಅಮ್ಮ ಕೊನೆಗೆ ಹಿಡಿದದ್ದು ನಿನ್ನ ಕೈ, ಅದನ್ನು ನಾನು ಹೇಗೆ ಮರೆಯಲಿ? ನಿನ್ನ ಕೈಯಲ್ಲಿ ಫೋನಿತ್ತು. ಅಮ್ಮ ಹೋದಳು ಎಂದು ಎರಡು ಪದ ಬರೆಯಬಹುದಿತ್ತು. ನಾನು ಬೇಡ ಎನ್ನುತ್ತಿದ್ದೆನೋ ಇಲ್ಲವೋ, ಅದು ಈಗ ನನಗೂ ಎಂದೂ ತಿಳಿಯುವುದಿಲ್ಲ. ಅದನ್ನು ನೀನು ನನ್ನಿಂದ ಕಿತ್ತುಕೊಂಡೆ. ನೀನೂ ನನ್ನನ್ನು ಕ್ಷಮಿಸಬೇಡ, ಕೇಳುವ ಮುಖ ನನಗಿಲ್ಲ. ನಾನು ಊರಿಗೆ ಬಂದ ದಿನ ಎದುರಿಗೆ ಬರಬೇಡ. ಇದಕ್ಕೆ ಉತ್ತರ ಬರೆಯಬೇಡ.

ಒಂದು ವಿಷಯ ಮಾತ್ರ ತಿಳಿದಿರಲಿ. ದೋಣಿಕಟ್ಟೆಯ ಕಂಬವನ್ನು ಕೀಳಿಸಿದ್ದೇನೆ. ಎಂಜಿನಿಯರುಗಳು ಗಾಳಿಯ ಲೆಕ್ಕ ಹೇಳಿದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೈರನ್ ಈಗ ಗುಡ್ಡದ ತುದಿಯಲ್ಲಿದೆ. ಆಟ ಎಂದುಕೊಂಡು ಸದ್ದಿನ ಕಡೆಗೆ ಓಡುವ ಮಗು ಇನ್ನು ಮೇಲಕ್ಕೇ ಓಡುತ್ತದೆ.

ಫಿಲೆಸಿ